ಕನ್ನಡಿ ಒಡೆದರೆ ಮೂತಿ ನೆಟ್ಟಗಾಗುತ್ತದೆಯೇ?

ಬೆಂಗಳೂರಿನ ಕನ್ನಡದ ಹುಡುಗರೇ, ಹುಡುಗಿಯರೇ,

ನಾನು ಹೊನ್ನಾಳಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಪಿ.ಯು.ಸಿ.ಗೆ ಓದು ನಿಲ್ಲಿಸಿ ಅಪ್ಪನ ಟ್ರೆಡಲ್ ಮಷೀನಿನ ಪಕ್ಕ ನಿಂತವನು. ಚನ್ನಗಿರಿಯವರ ಮದುವೆ ಕಾರ್ಡು, ನ್ಯಾಮತಿಯ ಜಾತ್ರೆ ಕರಪತ್ರ, ಜಗಳೂರಿನ ಸೊಸೈಟಿ ರಸೀದಿ ಪುಸ್ತಕ, ಇವೇ ನನ್ನ ಅನ್ನ. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರ ಕಾಗದವೂ ನನ್ನ ಮಷೀನಿನ ಮೇಲೇ ಹಾಯುತ್ತದೆ. ಹಾಗಾಗಿ ನಾನು ಹೇಳುವ ಮಾತು ಯಾವ ಪಕ್ಷದ ತುತ್ತೂರಿಯೂ ಅಲ್ಲ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ನಾಲ್ಕು ಜನ ಕಾಲೇಜು ಹುಡುಗರು ಬಂದರು. ಕೈಯಲ್ಲೊಂದು ಪ್ರಶ್ನೆಗಳ ಹಾಳೆ. ನಿಮ್ಮೂರಿಗೆ ಯಾರು ಅಭ್ಯರ್ಥಿಯಾಗಬೇಕು, ಈಗಿನವರು ಏನು ಮಾಡಿದರು, ನೀರು ಬಂತೇ, ಬಸ್ಸು ಬಂತೇ ಎಂಬ ಸಾದಾ ಪ್ರಶ್ನೆಗಳು. ಎರಡು ಸಾವಿರ ಪ್ರತಿ ಬೇಕೆಂದರು. ಒಪ್ಪಿದೆ. ಮಾರನೇ ದಿನ ಫೋನು ಬಂತು. "ಯಾಕೆ ಸ್ವಾಮಿ ಇಲ್ಲದ ಉಸಾಬರಿ? ಪ್ರೆಸ್ಸು ಚೆನ್ನಾಗಿ ನಡೀತಿದೆಯಲ್ಲ?" ಅಷ್ಟೇ ಮಾತು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಸಂಜೆ ಹುಡುಗರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸಿದೆ. ಆ ಹುಡುಗರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕಾನೂನು ಅದನ್ನು ಬೇಡವೆಂದಿತ್ತೇ? ಇಲ್ಲ! ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ನಮ್ಮಂಥ ಮುದ್ರಕರಿಗೆ ಬಾಯಿಪಾಠ. ಚುನಾವಣಾ ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಪ್ರಕಾಶಕ ಇಬ್ಬರು ಪರಿಚಿತರ ಸಾಕ್ಷಿಯೊಡನೆ ಘೋಷಣೆ ಕೊಡಬೇಕು. ಒಂದು ಪ್ರತಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅಭ್ಯರ್ಥಿಯೊಬ್ಬನನ್ನು ಗೆಲ್ಲಿಸುವ, ಸೋಲಿಸುವ ಉದ್ದೇಶದಿಂದ ಹಂಚುವ ಕಾಗದಕ್ಕೆ ಈ ನಿಯಮ. ಜನರನ್ನು ಪ್ರಶ್ನೆ ಕೇಳುವ ಹಾಳೆಗೆ ಅಡ್ಡಿಯೇ ಇರಲಿಲ್ಲ. ಅಡ್ಡಿಯಾದದ್ದು ನನ್ನ ಭಯ.

ಈ ಭಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಗೊತ್ತೇ? ಹಾಂಗ್‌ಕಾಂಗ್ ನೋಡಿ. 2020ರ ಜುಲೈ 11 ಮತ್ತು 12ರಂದು ಅಲ್ಲಿನ ವಿರೋಧ ಪಕ್ಷಗಳು ತಮ್ಮ ಅಭ್ಯರ್ಥಿ ಯಾರಾಗಬೇಕೆಂದು ಜನರನ್ನೇ ಕೇಳಿದವು. ಆರು ಲಕ್ಷಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತು ಓಟು ಹಾಕಿದರು. ಅದಕ್ಕೆ ನೆರವಾಗಿದ್ದ ಜನಾಭಿಪ್ರಾಯ ಸಂಶೋಧನಾ ಸಂಸ್ಥೆಯ ಕಚೇರಿಗೆ ಹಿಂದಿನ ದಿನವೇ ಪೊಲೀಸರು ನುಗ್ಗಿದ್ದರು. ತಿಂಗಳು ಮುಗಿಯುವ ಮೊದಲು ಚುನಾವಣೆಯನ್ನೇ ಮುಂದೂಡಲಾಯಿತು. 2021ರ ಜನವರಿಯಲ್ಲಿ ಬಂಧನ ಶುರುವಾಯಿತು. 47 ಜನರ ಮೇಲೆ ರಾಷ್ಟ್ರೀಯ ಭದ್ರತೆಯ ಕೇಸು! 2024ರ ನವೆಂಬರ್ 19ರಂದು 45 ಜನರಿಗೆ ನಾಲ್ಕರಿಂದ ಹತ್ತು ವರ್ಷ ಶಿಕ್ಷೆ. ಬೆನ್ನಿ ಟಾಯ್ ಎಂಬ ಕಾನೂನು ಮೇಷ್ಟರಿಗೆ ಹತ್ತು ವರ್ಷ. ಅಭ್ಯರ್ಥಿ ಯಾರೆಂದು ಜನರನ್ನು ಕೇಳಿದ್ದೇ ಅಪರಾಧ!

"ಅದು ಚೀನಾ ಕಥೆ, ನಮಗೇಕೆ?" ಎನ್ನಬೇಡಿ. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಮುದ್ರಣಾಲಯಗಳಿಗೆ ಕರೆಂಟು ಕಿತ್ತವರು ಚೀನಾದವರಲ್ಲ. ನಮ್ಮ ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರನ್ನು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದವರೂ ಹೊರದೇಶದವರಲ್ಲ. 1967ರಲ್ಲಿ ಲೋಕಸಭೆಯಲ್ಲಿ ಎದ್ದುನಿಂತು ಮೊದಲ ಸಲ ಕನ್ನಡದಲ್ಲಿ ಮಾತಾಡಿದವರು ಅದೇ ಪಟೇಲರು.

ಮೊನ್ನೆಯದನ್ನೂ ಕೇಳಿ. 2025ರ ಆಗಸ್ಟಿನಲ್ಲಿ ದೆಹಲಿಯ ಸಿ.ಎಸ್.ಡಿ.ಎಸ್. ಸಂಸ್ಥೆಯ ಸಂಜಯ್ ಕುಮಾರ್ ಮಹಾರಾಷ್ಟ್ರದ ಮತದಾರರ ಲೆಕ್ಕವನ್ನು ತಪ್ಪಾಗಿ ಪ್ರಕಟಿಸಿದರು. ತಪ್ಪು ತಿಳಿದ ಕೂಡಲೇ ಅಳಿಸಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಗಪುರ, ನಾಸಿಕ್‌ಗಳಲ್ಲಿ ಎಫ್.ಐ.ಆರ್. ಬಿತ್ತು. ಸಂಸ್ಥೆಗೆ ಅನುದಾನ ಕೊಡುವ ಕೇಂದ್ರದ ಸಮಾಜ ವಿಜ್ಞಾನ ಮಂಡಳಿ ನೋಟಿಸು ಕಳಿಸಿತು. ಆಗಸ್ಟ್ 25ರಂದು ಸುಪ್ರೀಂ ಕೋರ್ಟು ಪೊಲೀಸ್ ಕ್ರಮಕ್ಕೆ ತಡೆ ಕೊಟ್ಟಿತು. ಲೆಕ್ಕ ತಪ್ಪಿದರೆ ಸರಿ ಲೆಕ್ಕ ಕೊಡಿ. ಪೊಲೀಸರನ್ನು ಯಾಕೆ ಕಳಿಸುತ್ತೀರಿ?

ಸಮೀಕ್ಷೆಗಳೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ. 2024ರ ಜೂನ್ 1ರ ರಾತ್ರಿ ಬಹುತೇಕ ಚಾನೆಲ್ಲುಗಳು ಆಳುವ ಮೈತ್ರಿಕೂಟವನ್ನು 350 ದಾಟಿಸಿದ್ದವು. ಜೂನ್ 4ರಂದು ಎಣಿಸಿದಾಗ ಸಿಕ್ಕಿದ್ದು 293. ಜನ ನಕ್ಕರು. ಸುಳ್ಳು ಸಮೀಕ್ಷೆಗೆ ಆ ನಗುವೇ ಶಿಕ್ಷೆ. ಅದರ ಹಿಂದಿನ ವರ್ಷ ನಮ್ಮಲ್ಲೇ ಏನಾಯಿತು? ಕನ್ನಡದ ಈದಿನ ತಂಡ ಮನೆಮನೆಗೆ ಹೋಗಿ ಕನ್ನಡದಲ್ಲೇ ಕೇಳಿ ಕಾಂಗ್ರೆಸ್ಸಿಗೆ 132ರಿಂದ 140 ಎಂದಿತು. ಬಂದದ್ದು 135. ಜನರ ನುಡಿಯಲ್ಲಿ ಕೇಳಿದರೆ ಜನ ನಿಜ ಹೇಳುತ್ತಾರೆ. ದೆಹಲಿಯಲ್ಲಿ ಕೂತು ಇಂಗ್ಲಿಷು, ಹಿಂದಿಯಲ್ಲಿ ಬರೆದ ಪ್ರಶ್ನೆಯನ್ನು ಅರೆಬರೆ ಕನ್ನಡಕ್ಕೆ ತಿರುಗಿಸಿದರೆ ಜಗಳೂರಿನ ಅಜ್ಜಿಯ ಮನಸ್ಸು ತಿಳಿಯುತ್ತದೆಯೇ?

ಈಗ ನಿಮ್ಮ ಊರಿನ ಮಾತಿಗೆ ಬನ್ನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕು ತಾಲ್ಲೂಕು. ನ್ಯಾಮತಿ ಹೊನ್ನಾಳಿ ಕ್ಷೇತ್ರಕ್ಕೇ ಸೇರುವುದರಿಂದ ಈ ಹೆಸರಿನ ಕ್ಷೇತ್ರಗಳು ಮೂರು. ಈ ಮೂರು ಟಿಕೆಟ್ಟುಗಳಲ್ಲಿ ಒಂದನ್ನಾದರೂ ಯಾವ ಪಕ್ಷವಾದರೂ ನಮ್ಮ ಜನರನ್ನು ಕೇಳಿ ಕೊಟ್ಟಿದೆಯೇ? ಹೈಕಮಾಂಡಿನ ಬಾಗಿಲಲ್ಲಿ ಸೂಟ್‌ಕೇಸು ಹಿಡಿದು ನಿಂತವರಿಗೆ ಟಿಕೆಟ್ಟು, ಬಿಸಿಲಲ್ಲಿ ಬಾವುಟ ಕಟ್ಟಿದವರಿಗೆ ಚಿತ್ರಾನ್ನದ ಪೊಟ್ಟಣ! 2014ರಲ್ಲಿ ಕಾಂಗ್ರೆಸ್ಸು ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಒಳ ಮತದಾನ ಮಾಡಿಸಿತು. ಓಟು ಇದ್ದದ್ದು ಪಕ್ಷದ ಪದಾಧಿಕಾರಿಗಳಂಥವರಿಗೆ ಮಾತ್ರ. ಎರಡೂ ಕಡೆ ಪಕ್ಷ ಸೋತಿತು, ಪದ್ಧತಿ ಮೂಲೆ ಸೇರಿತು. ಹಾಂಗ್‌ಕಾಂಗಿನಲ್ಲಿ ಸರ್ಕಾರ ಲಾಠಿ ಹಿಡಿದು ನಿಲ್ಲಿಸಿದ್ದನ್ನು ನಮ್ಮ ಪಕ್ಷಗಳು ಸದ್ದಿಲ್ಲದೆ ತಾವೇ ನಿಲ್ಲಿಸಿಕೊಂಡಿವೆ.

ಮೂತಿ ಸೊಟ್ಟಗಿದ್ದವನಿಗೆ ಕನ್ನಡಿ ಕಂಡರೆ ಸಿಟ್ಟು. ಆಳುವವರ ಬಣ್ಣ ಯಾವುದೇ ಇರಲಿ, ಬೆಂಗಳೂರಿನಲ್ಲಿ ಆಳಲಿ, ದೆಹಲಿಯಲ್ಲಿ ಆಳಲಿ, ಈ ಮಾತು ಸುಳ್ಳಾಗುವುದಿಲ್ಲ.

ಗೆಳೆಯರೇ, ನೀವು ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ದುಡಿಯುತ್ತಿದ್ದೀರಿ. ಓಟು ಇನ್ನೂ ಊರಲ್ಲೇ ಇದ್ದವರು ಬರೀ ಓಟಿನ ದಿನ ಬಸ್ಸು ಹತ್ತಬೇಡಿ. ಆರು ತಿಂಗಳು ಮೊದಲೇ ಬನ್ನಿ. ನಿಮ್ಮ ಪಕ್ಷ ಯಾವುದೇ ಇರಲಿ, ಅಭ್ಯರ್ಥಿಯ ಹೆಸರಿಗೆ ತಾಲ್ಲೂಕಿನ ಸದಸ್ಯರ ಓಟು ಹಾಕಿಸಿ ಎಂದು ಜಗಳ ಮಾಡಿ. ಸಮೀಕ್ಷೆ ಮಾಡಿ, ಕನ್ನಡದಲ್ಲಿ ಮಾಡಿ. ಎಷ್ಟು ಜನರನ್ನು ಕೇಳಿದಿರಿ, ಯಾವತ್ತು ಕೇಳಿದಿರಿ, ದುಡ್ಡು ಯಾರದು, ಎಲ್ಲ ಬರೆದು ಪ್ರಕಟಿಸಿ. ತಪ್ಪಾದರೆ ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಆಗ ನಿಮ್ಮನ್ನು ಹೆದರಿಸಲು ಬಂದವರ ಕೈಗೆ ಏನೂ ಸಿಕ್ಕದು.

ಆ ನಾಲ್ಕು ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ವಾಪಸ್ ಬನ್ನಿ. ಎರಡು ಸಾವಿರ ಪ್ರತಿ, ಕಾಗದದ ದುಡ್ಡು ಮಾತ್ರ ಕೊಡಿ. ಕಾನೂನು ಕೇಳದಿದ್ದರೂ ಕೊನೆಯ ಸಾಲಿನಲ್ಲಿ ನನ್ನ ಹೆಸರು, ನನ್ನ ಪ್ರೆಸ್ಸಿನ ವಿಳಾಸ ಹಾಕುತ್ತೇನೆ. ಫೋನು ಮಾಡುವವರು ಮಾಡಲಿ.