ಬಿಳಿ ತಿಮಿಂಗಿಲ ನುಡಿದ ಸಾಕ್ಷಿ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಹಣೆಬರಹವೆಂದು ಕೈಚೆಲ್ಲಿ ಕುಳಿತುಕೊಳ್ಳುವುದು ನಮ್ಮ ಮನೆಗಳ ವಾಡಿಕೆ. ಓದುಬರಹ ಬಲ್ಲವರೂ ‘ಬರುವುದು ಬಂದೇ ಬರುತ್ತದೆ’ ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ದಿಟವೆಂದು ವಿಚಾರಿಸಲು ಈ ತಿಂಗಳು ನಾವು ವಾಚಕರನ್ನು ದೂರದ ಕೆನಡಾ ದೇಶಕ್ಕೆ ಕರೆದೊಯ್ಯಬಯಸುತ್ತೇವೆ. ಅಲ್ಲಿ ಸಾಕ್ಷಿ ನುಡಿಯುವುದು ಮನುಷ್ಯನಲ್ಲ, ತಿಮಿಂಗಿಲ.

ಕ್ವಿಬೆಕ್ ಪ್ರಾಂತದಲ್ಲಿ ಸೈಂಟ್ ಲಾರೆನ್ಸ್ ನದಿಯು ಕಡಲನ್ನು ಕೂಡುವ ವಿಶಾಲವಾದ ಅಳಿವೆಯಲ್ಲಿ ಬೆಲುಗ ಎಂಬ ಬಿಳಿಯ ತಿಮಿಂಗಿಲಗಳಿವೆ. ನಮ್ಮಂತೆಯೇ ಬಿಸಿರಕ್ತದ ಜೀವಿಗಳು. ಗಾಳಿಯನ್ನು ಉಸಿರಾಡಿ, ಮರಿಗಳಿಗೆ ಹಾಲೂಡಿಸಿ ಬದುಕುವಂಥವು. ಇವುಗಳ ಬೇಟೆಯನ್ನು 1979ರಲ್ಲಿ ನಿಷೇಧಿಸಿದರೂ ಸಂತತಿ ನಿರೀಕ್ಷಿಸಿದಂತೆ ಹೆಚ್ಚಲಿಲ್ಲ. ಕಾರಣವನ್ನರಿಯಲು ಪಶುವೈದ್ಯ ಡೇನಿಯಲ್ ಮಾರ್ಟಿನೋ ಮತ್ತು ಸಂಗಡಿಗರು ದಡಕ್ಕೆ ತೇಲಿಬಂದ ಕಳೇಬರಗಳನ್ನು ಕೊಯ್ದು ಪರೀಕ್ಷಿಸತೊಡಗಿದರು. 1983ರಿಂದ 1999ರವರೆಗೆ ಪರೀಕ್ಷಿಸಿದ 129 ಕಳೇಬರಗಳ ವರದಿ 2002ರಲ್ಲಿ ಪ್ರಕಟವಾಯಿತು. ಸತ್ತ ವಯಸ್ಕ ಬೆಲುಗಗಳಲ್ಲಿ ಶೇಕಡಾ 27ಕ್ಕೆ ಕ್ಯಾನ್ಸರ್ ತಗಲಿತ್ತು. ವನ್ಯಜೀವಿಗಳಲ್ಲಿ ಅಪೂರ್ವವೆಂದು ಎಣಿಸಿದ್ದ ರೋಗವು ಇಲ್ಲಿ ಮನುಷ್ಯರಲ್ಲಿರುವಷ್ಟೇ ಪ್ರಮಾಣದಲ್ಲಿತ್ತು. ಅದರಲ್ಲಿಯೂ ಕರುಳಿನ ಕ್ಯಾನ್ಸರ್ ವಿಶೇಷವಾಗಿತ್ತು.

ವಿಜ್ಞಾನಿಗಳ ಸಂಶಯವು ಉಪನದಿಯಾದ ಸಗೆನೇಯ ದಡದ ಅಲ್ಯೂಮಿನಿಯಂ ಕಾರ್ಖಾನೆಗಳತ್ತ ಹೊರಳಿತು. ದಶಕಗಳ ಕಾಲ ಅಲ್ಲಿಂದ ಹೊರಬಿದ್ದ ಬೆಂಜೋಪೈರೀನ್ ಮೊದಲಾದ ದ್ರವ್ಯಗಳು ನೀರಿನ ತಳದ ಕೆಸರಿನಲ್ಲಿ ಸೇರಿದ್ದವು. ಆ ಕೆಸರನ್ನು ಕೆದಕಿ ಹುಳುಗಳನ್ನು ತಿನ್ನುವುದು ಬೆಲುಗದ ಸ್ವಭಾವ. ಬೆಂಜೋಪೈರೀನ್ ಬೀಡಿ, ಸಿಗರೇಟುಗಳ ಹೊಗೆಯಲ್ಲಿಯೂ ಇರುವ ವಿಷ. ದೇಹದೊಳಗೆ ಮಾರ್ಪಟ್ಟು ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಂಡು ಅದರ ಬರಹವನ್ನೇ ಕೆಡಿಸುತ್ತದೆ. ಇಂಥ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದುದು ಈ ಸಂಶಯಕ್ಕೆ ಬಲ ನೀಡಿತು. ಯಜಮಾನನಿಗೂ ತಿಮಿಂಗಿಲಕ್ಕೂ ನೀರು ಒಂದೇ ಅಲ್ಲವೆ?

ಎಪ್ಪತ್ತರ ದಶಕದಲ್ಲಿ ಈ ವಿಷಕ್ಕೆ ಕಡಿವಾಣ ಬಿತ್ತು. ಮುಂದೆ 2012ರವರೆಗಿನ ಕಳೇಬರಗಳ ಪರೀಕ್ಷೆಯ ಫಲಿತಾಂಶ 2016ರಲ್ಲಿ ಹೊರಬಂದಾಗ ಒಂದು ಸಂಗತಿ ಎದ್ದು ಕಂಡಿತು. ಕ್ಯಾನ್ಸರ್ ತಗಲಿದ ಬೆಲುಗಗಳೆಲ್ಲವೂ 1971ಕ್ಕಿಂತ ಮುಂಚೆ ಹುಟ್ಟಿದಂಥವು. ಬೆಲುಗಗಳ ಸಂಕಷ್ಟವೆಲ್ಲ ಇದರಿಂದ ತೀರಿತೆಂದಲ್ಲ; ಆ ಸಂತತಿ ಇಂದಿಗೂ ಅಪಾಯದಲ್ಲಿದೆ. ಆದರೂ ಒಂದು ತಲೆಮಾರು ಕಾದುದರ ಫಲ ಕಣ್ಣಿಗೆ ಕಾಣುತ್ತದೆ.

ಇದನ್ನು ಬರೆಯುವಾಗ ನಮ್ಮ ಕಾಸರಗೋಡು ನೆನಪಿಗೆ ಬಾರದಿರುವುದೆಂತು? ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ ಇಲ್ಲಿಯೂ ಮೊದಲು ಸಾಕ್ಷಿ ನುಡಿದುದು ಮೂಕಪ್ರಾಣಿಗಳೇ. ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದುದನ್ನು ನಮ್ಮವರೇ ಆದ ಪತ್ರಕರ್ತ ಶ್ರೀಪಡ್ರೆ ಲೋಕದ ಗಮನಕ್ಕೆ ತಂದರು. ಆದರೆ ಸಿಂಪಡಣೆ ನಿಂತುದು 2000ದ ಇಸವಿಯಲ್ಲಿ. ಸುಪ್ರೀಂ ಕೋರ್ಟು ದೇಶವ್ಯಾಪಿ ತಡೆ ನೀಡಿದುದು 2011ರಲ್ಲಿ. ಅಲ್ಲಿಯ ವಿಷವೇ ಬೇರೆ, ಇಲ್ಲಿಯದೇ ಬೇರೆ, ರೋಗಗಳೂ ಬೇರೆ. ಪಾಠ ಮಾತ್ರ ಒಂದೇ.

ಹಣೆಬರಹವೆಂದು ನಾವು ಕರೆಯುವುದರಲ್ಲಿ ಒಂದಷ್ಟು ಮನುಷ್ಯನ ಕೈಬರಹ. ಕೈ ಬರೆದುದನ್ನು ಕೈಯೇ ಅಳಿಸಬಲ್ಲುದು. ಆದುದರಿಂದ ಕೊಟ್ಟಿಗೆಯ ಕರು, ಹೊಳೆಯ ಮೀನು, ತೋಟದ ಜೇನು ಇವುಗಳಲ್ಲಿ ಅಸಹಜವಾದುದು ಕಂಡರೆ ವಾಚಕರು ಉದಾಸೀನ ಮಾಡದಿರಲಿ. ದಿನಾಂಕ ಸಹಿತ ಬರೆದಿಟ್ಟು ಪಶುವೈದ್ಯರಿಗೆ ತಿಳಿಸಲಿ. ಮನೆಯೊಳಗಿನ ಬೀಡಿಯ ಹೊಗೆಯನ್ನಂತೂ ಆರಿಸಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.