ಫಲಕಕ್ಕೆ ಕಣ್ಣಿಲ್ಲ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಶೂಟರುಗಳು ಮೂರು ಕಂಚಿನ ಪದಕಗಳನ್ನು ಗೆದ್ದ ಬಳಿಕ ನಮ್ಮ ಬಂಧುಗಳ ಮನೆಗಳಲ್ಲೂ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲೂ ಮಕ್ಕಳನ್ನು ರೈಫಲ್ ತರಬೇತಿಗೆ ಸೇರಿಸುವ ಮಾತು ಕೇಳಿಬರುತ್ತಿದೆ. ಸಂತೋಷ. ಏಕಾಗ್ರತೆಯನ್ನೂ ಉಸಿರಿನ ಹಿಡಿತವನ್ನೂ ಕಲಿಸುವ ಈ ಕ್ರೀಡೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು, "ಅದು ಬರೀ ಗಾಳಿಬಂದೂಕು ತಾನೆ, ಅದಕ್ಕೇಕೆ ಇಷ್ಟೊಂದು ಕಟ್ಟುಪಾಡು?" ಎಂಬ ಉಡಾಫೆಯ ಬಗ್ಗೆ.

ಈ ಉಡಾಫೆಗೆ ಆಸರೆಯಾಗಿರುವುದು ಕಾನೂನಿನ ಒಂದು ವಿನಾಯಿತಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 0.177 ಅಂಗುಲವನ್ನೂ ಶಕ್ತಿ 20 ಜೌಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದರೆ ಅಪಾಯವಿಲ್ಲವೆಂದು ಅರ್ಥವೇ? ಸೈಕಲ್ಲಿಗೂ ಪರವಾನಗಿ ಬೇಡ. ಹಾಗೆಂದು ಬ್ರೇಕಿಲ್ಲದ ಸೈಕಲ್ಲನ್ನು ಮಗುವಿನ ಕೈಗೆ ಕೊಡುತ್ತೇವೆಯೇ? 10 ಮೀಟರ್ ಸ್ಪರ್ಧೆಯ ರೈಫಲಿನಿಂದ ಹೊರಡುವ 4.5 ಮಿಲಿಮೀಟರಿನ ಸೀಸದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಲು ಅಷ್ಟೂ ಬೇಕಿಲ್ಲ.

ಎರಡನೆಯ ವಾದ: "ಗೋಡೆಯ ಮೇಲೆ ನಿಯಮಗಳ ಫಲಕ ಹಾಕಿದ್ದೇವೆ, ಪೋಷಕರ ಸಹಿ ಪಡೆದಿದ್ದೇವೆ." ಫಲಕಕ್ಕೆ ಕಣ್ಣಿಲ್ಲ, ಸಹಿಗೆ ಬಾಯಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗುಂಡು ತುಂಬುವುದೂ ಹಾರಿಸುವುದೂ ನಿಲ್ಲಿಸುವುದೂ ರೇಂಜ್ ಅಧಿಕಾರಿಯ ಆದೇಶದಂತೆಯೇ ನಡೆಯುತ್ತವೆ. "ಸ್ಟಾಪ್" ಎಂದೊಡನೆ ಒಲಿಂಪಿಕ್ ವಿಜೇತನೂ ನಿಲ್ಲಿಸಲೇಬೇಕು. ಬಿಡುವಿನಲ್ಲಿ ಏರ್ ರೈಫಲಿನ ನಳಿಗೆಯ ಉದ್ದಕ್ಕೂ ಕಣ್ಣಿಗೆ ಹೊಡೆಯುವ ಬಣ್ಣದ ದಾರವನ್ನು ತೂರಿಸಿಡಬೇಕು. ಒಳಗೆ ಗುಂಡಿಲ್ಲವೆಂಬುದಕ್ಕೆ ಅದೇ ಸಾಕ್ಷಿ. "ಖಾಲಿ ಇದೆ ಸಾರ್" ಎಂಬ ಬಾಯಿಮಾತಲ್ಲ. ಒಬ್ಬರಾದರೂ ಗುರಿಫಲಕದತ್ತ ಹೋಗಿರುವಾಗ ಯಾರೂ ಬಂದೂಕನ್ನು ಮುಟ್ಟಕೂಡದು. ಇವನ್ನೆಲ್ಲ ಪಾಲಿಸುವಂತೆ ಮಾಡಲು ಒಬ್ಬ ಮನುಷ್ಯ ಬೇಕು.

"ತರಬೇತುದಾರರೇ ನೋಡಿಕೊಳ್ಳುತ್ತಾರಲ್ಲ" ಎಂಬುದು ಮೂರನೆಯ ಸಮಾಧಾನ. ಅವರು ಒಬ್ಬ ಹುಡುಗಿಯ ಮೊಣಕೈ ತಿದ್ದಲು ಬಾಗಿದಾಗ ಉಳಿದ ಒಂಬತ್ತು ನಳಿಗೆಗಳನ್ನು ನೋಡುವವರು ಯಾರು? ಮೇಷ್ಟರು ಕರಿಹಲಗೆಯ ಕಡೆ ತಿರುಗಿದಾಗ ಬೆನ್ನ ಹಿಂದೆ ಏನೇನು ನಡೆಯುತ್ತಿತ್ತೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು! ಅಲ್ಲಿ ಹಾರುತ್ತಿದ್ದುದು ಸೀಮೆಸುಣ್ಣದ ಚೂರು. ಇಲ್ಲಿ ಹಾರುವುದು ಸೀಸ. ಕಲಿಸುವವರು ಬೇರೆ, ಕಾಯುವವರು ಬೇರೆ ಇರಲೇಬೇಕು.

ಆ ಸೀಸದ ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ರಕ್ತದಲ್ಲಿ ಸೀಸದ ಸುರಕ್ಷಿತ ಪ್ರಮಾಣವೆಂಬುದು ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದರಿಂದ ಹೆಚ್ಚಿನ ಹಾನಿ. ಪೊರಕೆಯಿಂದ ಒಣಗುಡಿಸಿದರೆ ಧೂಳೆದ್ದು ಮೂಗಿಗೆ ಸೇರುತ್ತದೆ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ತಿಂಡಿಯ ಡಬ್ಬಿ ಒಳಗೆ ಬರಬಾರದು. ಸೋಪಿನಿಂದ ಕೈ ತೊಳೆಯದೆ ಯಾವ ಮಗುವೂ ಹೊರಡಬಾರದು.

"ಇಷ್ಟೆಲ್ಲ ಮಾಡಿದರೆ ಶುಲ್ಕ ಏರುತ್ತದೆ" ಎನ್ನುವರು. ಏರಲಿ. ಕಾಯುವವರೊಬ್ಬರಿಗೆ ಸಂಬಳ ಕೊಡಲಾರದ ರೇಂಜು ಬಾಗಿಲು ಮುಚ್ಚುವುದೇ ಲೇಸು.

ಆದ್ದರಿಂದ ಹಣ ಕಟ್ಟುವ ಮುನ್ನ ಅರ್ಧ ಗಂಟೆ ಅಲ್ಲಿ ನಿಂತು ನೋಡಿ. ಅಲ್ಲಿ "ನಿಲ್ಲಿಸಿ" ಎನ್ನುವವರು ಯಾರು? ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸವಿದೆಯೇ? ಅವರ ಮಾತಿಗೆ ಎಲ್ಲರೂ ತಕ್ಷಣ ನಿಲ್ಲಿಸುತ್ತಾರೆಯೇ? ಉತ್ತರ ಸಮಾಧಾನ ತಾರದಿದ್ದರೆ, ಗೋಡೆಯ ಮೇಲೆ ಎಷ್ಟು ಪದಕಗಳು ತೂಗಾಡುತ್ತಿದ್ದರೂ, ಮಗುವಿನ ಕೈ ಹಿಡಿದು ಮನೆಗೆ ಬನ್ನಿ.