ಕಾರು ಮಾರಬಹುದು, ಅಧಿಕಾರವನ್ನಲ್ಲ

ಪೊಲೀಸ್ ಇಲಾಖೆ ತನ್ನ ಹಳೆಯ ಕಾರುಗಳನ್ನು ಹರಾಜು ಹಾಕುವುದು ಅನೇಕ ದೇಶಗಳಲ್ಲಿ ನಡೆದುಬಂದಿರುವ ವಾಡಿಕೆ. ಕೆಲವು ವರ್ಷ ಹಗಲು ರಾತ್ರಿ ದುಡಿಸಿಕೊಂಡು, ರಿಪೇರಿ ಖರ್ಚು ಕೈಮೀರುವ ಹೊತ್ತಿಗೆ ಗಾಡಿ ಕಂಡಂ ಆಗುತ್ತದೆ. ಕೊಂಡವರಲ್ಲಿ ಕೆಲವರು ಟ್ಯಾಕ್ಸಿಗೆ ಬಿಡುತ್ತಾರೆ, ಕೆಲವರು ಬಿಡಿಭಾಗ ಬಿಚ್ಚಿ ಮಾರುತ್ತಾರೆ, ಎಲ್ಲೋ ಒಬ್ಬಿಬ್ಬರು ಜೋಪಾನ ಮಾಡುತ್ತಾರೆ. ಹಾಗೆ ಉಳಿದ ಕಾರು ನಲವತ್ತೈವತ್ತು ವರ್ಷ ಕಳೆದು ವಿಂಟೇಜ್ ಎನಿಸಿಕೊಂಡು ಮತ್ತೆ ಮಾರಾಟಕ್ಕೆ ಬಂದಾಗ, ಬೇರೆ ಹಳೆಯ ಕಾರುಗಳಿಗಿಲ್ಲದ ಒಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಬಾಗಿಲ ಮೇಲಿನ ಲಾಂಛನ, ಛಾವಣಿಯ ದೀಪ, ಸೈರನ್ನು ಇವೆಲ್ಲ ಕಾರಿನ ಜೊತೆಯಲ್ಲೇ ಹೊಸ ಮಾಲೀಕರ ಪಾಲಾಗಬಹುದೆ, ಇಲ್ಲವೆ ಎಲ್ಲವನ್ನೂ ಅಳಿಸಿಯೇ ಮಾರಬೇಕೆ? ಕಾರನ್ನೂ ಅದರ ಚರಿತ್ರೆಯನ್ನೂ ಮಾರಬಹುದು, ಅಧಿಕಾರವನ್ನು ಮಾತ್ರ ಮಾರಲಾಗದು ಎಂಬುದು ನನ್ನ ಉತ್ತರ. ಈ ಎರಡರ ನಡುವಿನ ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆಯದಿದ್ದರೆ ಒಂದು ಕಡೆ ಜನರ ಜೀವಕ್ಕೆ ಅಪಾಯ, ಇನ್ನೊಂದು ಕಡೆ ಚರಿತ್ರೆಗೆ ನಷ್ಟ.

ಮೊದಲು ಇಂಥ ಕಾರಿಗೆ ಬೆಲೆ ಬರುವುದು ಏಕೆಂದು ನೋಡೋಣ. ಅಮೆರಿಕದ ಕಂಪನಿಗಳು ಪೊಲೀಸರಿಗೆಂದೇ ಪ್ರತ್ಯೇಕ ಮಾದರಿಗಳನ್ನು ತಯಾರಿಸುತ್ತ ಬಂದಿವೆ. ಹೊರಗಿನಿಂದ ಮನೆಮಂದಿ ಓಡಾಡುವ ಕಾರಿನಂತೆ ಕಂಡರೂ ಸಸ್ಪೆನ್ಷನ್ ಗಟ್ಟಿ, ಬ್ರೇಕು ಬಲವಾದದ್ದು, ವೈರ್‌ಲೆಸ್ಸು ಮತ್ತು ದೀಪಗಳಿಗೆ ಸಾಲುವಷ್ಟು ಕರೆಂಟು ಕೊಡುವ ಆಲ್ಟರ್ನೇಟರ್ ಬೇರೆ. 1980ರ ‘ದಿ ಬ್ಲೂಸ್ ಬ್ರದರ್ಸ್’ ಸಿನಿಮಾದ ಅಣ್ಣತಮ್ಮಂದಿರು ಓಡಿಸುವ 1974ರ ಡಾಡ್ಜ್ ಮೊನಾಕೋ ಪೊಲೀಸ್ ಹರಾಜಿನಲ್ಲಿ ಕೊಂಡದ್ದೆಂಬುದೇ ಕಥೆಯ ಒಂದು ಎಳೆ. ಆಮೇಲೆ ಬಂದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಅಮೆರಿಕದ ಪೊಲೀಸ್ ಕಾರೆಂದರೆ ಇದೇ ಎನ್ನುವಷ್ಟು ಹರಡಿಕೊಂಡಿತು. 2011ರಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು.

ಕೆಲಸದಿಂದ ಬಿಡುಗಡೆಯಾದ ಅಂಥ ಕಾರೊಂದರ ಪಕ್ಕದಲ್ಲಿ ನಿಂತು ನೋಡಿದರೆ ಅದರ ಹಿಂದಿನ ಬದುಕು ಮೈಮೇಲೆಯೇ ಬರೆದಿರುತ್ತದೆ. ಛಾವಣಿಯಲ್ಲಿ ದೀಪದ ಪಟ್ಟಿ ಕೂರಿಸಿದ್ದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಡ್ರೈವರ್ ಪಕ್ಕದ ಕಂಬಿಯಲ್ಲಿ, ಒಳಗಿನಿಂದಲೇ ತಿರುಗಿಸುವ ಸ್ಪಾಟ್‌ಲೈಟ್ ಇನ್ನೂ ಉಳಿದಿರುವುದುಂಟು. ಡ್ಯಾಶ್‌ಬೋರ್ಡಿನಲ್ಲಿ ವೈರ್‌ಲೆಸ್ ಸೆಟ್ ಕಿತ್ತ ಕಡೆ ಸ್ಕ್ರೂ ಗುರುತುಗಳು. ಹಿಂದಿನ ಸೀಟಿನಲ್ಲಿ ಕುಳಿತು ಹಿಡಿಕೆ ಎಳೆದರೆ ಬಾಗಿಲು ತೆರೆಯದು, ಕೈದಿ ಇಳಿದು ಓಡಬಾರದೆಂದು ಮಾಡಿದ ವ್ಯವಸ್ಥೆ ಅದು. ಸ್ಟಿಕ್ಕರ್ ಅಂಟಿಸಿದ್ದಷ್ಟು ಜಾಗಕ್ಕೆ ಬಿಸಿಲು ತಾಗದೆ ಬಣ್ಣ ಗಾಢವಾಗಿ ಉಳಿದು, ಅಳಿಸಿದ ಅಕ್ಷರಗಳು ಓರೆ ಬೆಳಕಿನಲ್ಲಿ ಓದಲು ಸಿಗುತ್ತವೆ. ಕೊಳ್ಳುವವರು ಹಣ ಕೊಡುವುದು ಇದಕ್ಕೆ.

ಆದ್ದರಿಂದ ಮಾರುವವರ ಮೊದಲ ಕರ್ತವ್ಯ ಸತ್ಯ ಹೇಳುವುದು. ಸಾಮಾನ್ಯ ಕಾರಿಗೆ ಕಪ್ಪು ಬಿಳುಪು ಬಳಿದು, ದೀಪ ಕೂರಿಸಿ, ‘ಅಸಲಿ ಪೊಲೀಸ್ ಕಾರು’ ಎಂದು ಮಾರುವುದು ಕಷ್ಟದ ಕೆಲಸವಲ್ಲ. ಕ್ರೌನ್ ವಿಕ್ಟೋರಿಯಾದ ವಿಚಾರದಲ್ಲಿ ಷಾಸಿ ನಂಬರಿನೊಳಗೆ ಬರುವ ‘ಪಿ71’ ಎಂಬ ಗುರುತು ಬಹುಕಾಲ ಪೊಲೀಸ್ ಮಾದರಿಯ ಸಾಕ್ಷಿಯಾಗಿತ್ತು. ಅದಕ್ಕಿಂತ ಹಳೆಯ ಕಾರುಗಳಿಗೆ ಇಲಾಖೆಯ ಕಾಗದಪತ್ರ, ಹರಾಜಿನ ರಸೀದಿ, ಹಳೆಯ ಫೋಟೋಗಳೇ ಆಧಾರ. ಕಾರು ಸವೆದಿರುವುದನ್ನೂ ಮುಚ್ಚಿಡಬಾರದು. ಪೊಲೀಸ್ ಕಾರು ರಸ್ತೆಬದಿಯಲ್ಲಿ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುತ್ತದೆ. ಮೀಟರಿನಲ್ಲಿ ಕಡಿಮೆ ಮೈಲಿ ಕಂಡಿತೆಂದರೆ ಎಂಜಿನ್ ಕಡಿಮೆ ದುಡಿದಿದೆ ಎಂದರ್ಥವಲ್ಲ. ಇದು ಗೊತ್ತಿದ್ದೂ ಮೈಲಿಯನ್ನಷ್ಟೇ ತೋರಿಸಿ ಮಾರಿದರೆ ಅದು ಮೋಸವೇ.

ಇಲ್ಲಿಯವರೆಗಿನದು ಮಾರುವವರು ಮತ್ತು ಕೊಳ್ಳುವವರ ನಡುವಿನ ವ್ಯವಹಾರ. ಅಧಿಕಾರದ ಪ್ರಶ್ನೆ ಹಾಗಲ್ಲ, ರಸ್ತೆಯಲ್ಲಿ ಓಡಾಡುವ ಮೂರನೆಯವರಿಗೂ ಅದರಲ್ಲಿ ಪಾಲಿದೆ. ಪೊಲೀಸ್ ಕಾರಿನ ಬಣ್ಣ ಒಂದು ಅಪ್ಪಣೆ. ನಿಲ್ಲಿಸು ಎಂದರೆ ನಿಲ್ಲಿಸುತ್ತೇವೆ, ಗಾಜು ಇಳಿಸು ಎಂದರೆ ಇಳಿಸುತ್ತೇವೆ. ಒಳಗೆ ಕುಳಿತವರ ಗುರುತಿನ ಚೀಟಿ ಕೇಳುವ ಮೊದಲೇ ವಿಧೇಯರಾಗಿರುತ್ತೇವೆ. ಗಣೇಶನ ಮಣ್ಣಿನ ಮೂರ್ತಿಯನ್ನು ನೀರಿಗೆ ಬಿಡುವ ಮುನ್ನ ಉದ್ವಾಸನೆಯ ಮಂತ್ರ ಹೇಳಿ ಕದಲಿಸುವುದು ನಮ್ಮ ಪದ್ಧತಿ, ಆವಾಹನೆಯಾದ ದೇವರನ್ನು ಕಳಿಸಿಕೊಟ್ಟ ಮೇಲೆಯೇ ಅದು ಮಣ್ಣು. ಇಲಾಖೆಯ ಕಾರಿಗೂ ಅಂಥದೊಂದು ಉದ್ವಾಸನೆ ಆಗಲೇಬೇಕು. ಅದಕ್ಕೇ ಕ್ಯಾಲಿಫೋರ್ನಿಯಾದಂಥ ರಾಜ್ಯದ ಕಾನೂನು, ಗುರುತಿನ ಬಣ್ಣವಿದ್ದ ಪೊಲೀಸ್ ಕಾರನ್ನು ಬೇರೆ ಉಪಯೋಗಕ್ಕೆ ಮಾರುವ ಮುನ್ನ ಪೊಲೀಸ್ ಕಾರಿನಂತೆ ಕಾಣದ ಹಾಗೆ ಬಣ್ಣ ಬದಲಿಸಬೇಕೆಂದು ಹೇಳುತ್ತದೆ.

ಅಷ್ಟೇ ಸಾಲದು ಎಂಬುದನ್ನು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 2020ರ ಏಪ್ರಿಲ್ 18 ಮತ್ತು 19ರಂದು ಅಲ್ಲಿ ಒಬ್ಬನೇ ವ್ಯಕ್ತಿ 22 ಮಂದಿಯನ್ನು ಕೊಂದ. ಅವನು ಓಡಾಡಿದ್ದು ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸರ ಕಾರನ್ನು ಹೋಲುವ ಫೋರ್ಡ್ ಟಾರಸ್‌ನಲ್ಲಿ. ಸರ್ಕಾರದ ಹೆಚ್ಚುವರಿ ಸಾಮಾನು ಮಾರುವ ವ್ಯವಸ್ಥೆಯ ಮೂಲಕವೇ ಅವನು ಅದನ್ನು ಕೊಂಡಿದ್ದ. ಮಾರುವಾಗ ಗುರುತುಗಳನ್ನು ತೆಗೆದಿದ್ದರು. ಅವನು ಪಟ್ಟಿ, ಲಾಂಛನ, ದೀಪ ಎಲ್ಲವನ್ನೂ ಹೊರಗಿನಿಂದ ಹೊಂಚಿಕೊಂಡು ಮತ್ತೆ ಕೂರಿಸಿದ. ಆಗ ಪೊಲೀಸರು ನಿಜವಾಗಿ ಓಡಿಸುತ್ತಿದ್ದದ್ದೂ ಅದೇ ಮಾದರಿಯ ಕಾರು, ಅದೇ ವಿನ್ಯಾಸ. ಅದರ ಮುಂದೆ ಜನರ ಎಚ್ಚರಿಕೆಯೇ ಕೆಲಸಕ್ಕೆ ಬಾರದೆ ಹೋಯಿತು. 2021ರಲ್ಲಿ ಕೆನಡಾ ಸರ್ಕಾರ ಅಂಥ ಕಾರುಗಳ ಮಾರಾಟವನ್ನು ತಡೆಹಿಡಿಯಿತು. ಅದೇ ವರ್ಷ ನೋವಾ ಸ್ಕೋಷಿಯಾ, ಪೊಲೀಸ್ ಸಮವಸ್ತ್ರ ಮತ್ತು ವಾಹನದ ಗುರುತುಗಳು ಕಂಡವರ ಕೈಸೇರದಂತೆ ಪ್ರತ್ಯೇಕ ಕಾನೂನು ತಂದಿತು.

ಈ ದುರಂತದ ನಂತರ ಪೊಲೀಸ್ ಕಾರುಗಳನ್ನು ಮಾರಲೇಬಾರದು, ಎಲ್ಲವನ್ನೂ ಪುಡಿ ಮಾಡಬೇಕು ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಘಟನೆಯನ್ನೇ ಇನ್ನೊಂದು ಸಲ ನೋಡಿ. ಜನ ಮೋಸಹೋದದ್ದು ಆ ದಿನ ಚಾಲ್ತಿಯಲ್ಲಿದ್ದ ರೂಪಕ್ಕೆ. ಅದೇ ವ್ಯಕ್ತಿ 1960ರ ದಶಕದ ಪೊಲೀಸ್ ಕಾರಿನಲ್ಲಿ ಬಂದಿದ್ದರೆ ಜನ ಅದನ್ನು ಪ್ರದರ್ಶನದ ಗಾಡಿ ಎಂದುಕೊಳ್ಳುತ್ತಿದ್ದರು, ಪೊಲೀಸರೆಂದು ನಂಬುತ್ತಿರಲಿಲ್ಲ. ಅಂದರೆ ಅಪಾಯವನ್ನು ಅಳೆಯಬೇಕಾದದ್ದು ‘ಇದು ಹಿಂದೆ ಪೊಲೀಸ್ ಕಾರಾಗಿತ್ತೆ’ ಎಂದು ಕೇಳಿ ಅಲ್ಲ. ‘ಇದನ್ನು ಇವತ್ತು ಯಾರಾದರೂ ಪೊಲೀಸ್ ಕಾರೆಂದು ನಂಬುತ್ತಾರೆಯೆ’ ಎಂದು ಕೇಳಿ. ನಂಬುವಂತಿದ್ದರೆ ಗುರುತುಗಳು ನಾಶವಾಗಬೇಕು, ತೆಗೆದ ಸ್ಟಿಕ್ಕರು ಮತ್ತು ದೀಪ ಕೂಡ ಮಾರುಕಟ್ಟೆಗೆ ಹೋಗಬಾರದು. ನಂಬುವಂತಿಲ್ಲದಿದ್ದರೆ ಅದೇ ಗುರುತುಗಳನ್ನು ಅಳಿಸುವುದು ತಪ್ಪು. ಉದ್ವಾಸನೆಯ ಕೆಲಸವನ್ನು ಕಾಲವೇ ಮಾಡಿ ಮುಗಿಸಿರುತ್ತದೆ.

ತಪ್ಪು ಏಕೆಂದರೆ ಆ ಗುರುತುಗಳು ಚರಿತ್ರೆಯ ದಾಖಲೆ. ಬ್ರಿಟನ್ನಿನ ಕಪ್ಪು ವುಲ್ಸ್‌ಲಿ ಕಾರುಗಳ ಮುಂಭಾಗದಲ್ಲಿ ಸೈರನ್ ಬದಲು ಗಂಟೆ ಇರುತ್ತಿತ್ತು. ದಾರಿ ಬಿಡಿ ಎನ್ನುವ ಸದ್ದು ಒಂದು ಕಾಲಕ್ಕೆ ಎಷ್ಟು ಮೆಲ್ಲಗಿತ್ತು ಎಂಬುದನ್ನು ಪುಸ್ತಕ ಓದಿ ತಿಳಿಯುವುದಕ್ಕಿಂತ ಆ ಗಂಟೆ ಕೇಳಿ ತಿಳಿಯುವುದು ಸುಲಭ. 1965ರಲ್ಲಿ ಲ್ಯಾಂಕಾಷೈರಿನ ಕರ್ಕ್‌ಬಿಯಲ್ಲಿ ಬೀಟ್ ಪೊಲೀಸರಿಗೆ ಸಣ್ಣ ಫೋರ್ಡ್ ಆಂಗ್ಲಿಯಾ ಕಾರು ಕೊಟ್ಟರು. ತಿಳಿನೀಲಿ ಬಿಳಿ ಪಟ್ಟೆಯ ಇಂಥ ‘ಪಾಂಡಾ’ ಕಾರುಗಳು ಬೇಗ ದೇಶದ ತುಂಬ ಹರಡಿದವು. ಕರೆದಲ್ಲಿಗೆ ಪೊಲೀಸರು ಬೇಗ ಬರುವಂತಾಯಿತು. ಆದರೆ ಬೀದಿಯಲ್ಲಿ ನಡೆದು ಹೋಗುತ್ತ ಮನೆಯವರ ಹೆಸರು ಹಿಡಿದು ಮಾತಾಡಿಸುತ್ತಿದ್ದ ಪೇದೆ ಗಾಜಿನ ಹಿಂದೆ ಸರಿದರು ಎಂಬ ಕೊರಗೂ ಅಲ್ಲಿಂದಲೇ ಶುರುವಾಯಿತು. ಪೊಲೀಸರು ಮತ್ತು ಜನರ ನಡುವಿನ ಅಂತರದ ಕುರಿತು ಇವತ್ತಿಗೂ ನಡೆಯುವ ಚರ್ಚೆಗೆ ಆ ಕಾರು ಸಾಕ್ಷಿ. ಅದಕ್ಕೆ ಬೂದು ಬಣ್ಣ ಬಳಿದುಬಿಟ್ಟರೆ ಉಳಿಯುವುದು ಒಂದು ಹಳೆಯ ಫೋರ್ಡ್ ಅಷ್ಟೆ.

ದೀಪದ ವಿಚಾರದಲ್ಲಿ ಮಾತ್ರ ಕಟ್ಟುನಿಟ್ಟು ಸಡಿಲವಾಗಬಾರದು. ಬಣ್ಣ ಹಳತಾದರೂ ರಾತ್ರಿಯ ಹೊತ್ತು ಹಿಂದಿನಿಂದ ಮಿನುಗುವ ನೀಲಿ ದೀಪಕ್ಕೆ ವಯಸ್ಸು ಗೊತ್ತಾಗುವುದಿಲ್ಲ. ಬ್ರಿಟನ್ನಿನ 1989ರ ವಾಹನ ದೀಪಗಳ ನಿಯಮಾವಳಿಯ ಪ್ರಕಾರ ತುರ್ತು ಸೇವೆಯದಲ್ಲದ ವಾಹನದಲ್ಲಿ ನೀಲಿ ಎಚ್ಚರಿಕೆ ದೀಪ ಇರಲೇಬಾರದು, ಕೆಟ್ಟು ಹೋದದ್ದು ಕೂಡ. ಆದ್ದರಿಂದ ರಸ್ತೆಗಿಳಿಯುವಾಗ ದೀಪ ಬಿಚ್ಚುವುದು ಅಥವಾ ಮುಚ್ಚುವುದು, ಪ್ರದರ್ಶನದ ಬಯಲಿನಲ್ಲಿ ಮಾತ್ರ ತೋರಿಸುವುದು ಹವ್ಯಾಸಿಗಳಿಗೆ ರೂಢಿಯಾಗಿದೆ. ಹಳೆಯ ಕಾರನ್ನು ಪ್ರೀತಿಸುವವರಿಗೆ ಇದೇನೂ ದೊಡ್ಡ ತ್ಯಾಗವಲ್ಲ.

ಎಲ್ಲ ಹಳೆಯ ಪೊಲೀಸ್ ಕಾರುಗಳೂ ಸಿಹಿ ನೆನಪಲ್ಲ ಎಂಬುದನ್ನೂ ಹೇಳಲೇಬೇಕು. 1976ರಿಂದ 1983ರವರೆಗೆ ಅರ್ಜೆಂಟೀನಾವನ್ನು ಆಳಿದ ಸೇನಾ ಸರ್ವಾಧಿಕಾರದಲ್ಲಿ, ನಂಬರ್ ಪ್ಲೇಟಿಲ್ಲದ ಹಸಿರು ಫೋರ್ಡ್ ಫಾಲ್ಕನ್ ಮನೆಯ ಮುಂದೆ ನಿಂತಿತೆಂದರೆ ಯಾರನ್ನೋ ಎತ್ತಿಕೊಂಡು ಹೋಗಲು ಬಂದಿದ್ದಾರೆ ಎಂದೇ ಅರ್ಥ. ಹಾಗೆ ಹೋದವರಲ್ಲಿ ಅನೇಕರು ತಿರುಗಿ ಬರಲಿಲ್ಲ. ಅದರ ಮೇಲೆ ಲಾಂಛನವಿರಲಿಲ್ಲ, ಅಳಿಸುವುದಕ್ಕೆ ಅಕ್ಷರವೂ ಇರಲಿಲ್ಲ. ಅಂಥ ಕೆಲಸಕ್ಕೆ ಬಳಕೆಯಾದದ್ದೆಂದು ಗೊತ್ತಿರುವ ಕಾರನ್ನು ‘ಅಪರೂಪದ ಚರಿತ್ರೆ’ ಎಂದು ಹೆಚ್ಚು ಬೆಲೆಗೆ ಮಾರುವುದು ಮಕ್ಕಳನ್ನು ಕಳೆದುಕೊಂಡ ತಾಯಂದಿರ ಗಾಯದ ಮೇಲೆ ನಡೆಸುವ ವ್ಯಾಪಾರ. ಅದು ನ್ಯಾಯಾಲಯಕ್ಕೆ ಸೇರಬೇಕಾದ ಪುರಾವೆ, ಇಲ್ಲವೆ ಸಾರ್ವಜನಿಕ ಸ್ಮಾರಕಕ್ಕೆ ಸೇರಬೇಕಾದ ವಸ್ತು. ಖಾಸಗಿ ಸಂಗ್ರಹದಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮಲ್ಲಿ ತೊಂದರೆ ಇನ್ನೊಂದು ತುದಿಯದು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ತುಂಬಿರಬೇಕು, ಮೂಲ ಸ್ವರೂಪ ಉಳಿದಿರಬೇಕು. ಆಗ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಇತ್ತ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಸರ್ಕಾರಿ ವಾಹನಗಳ ನೋಂದಣಿ 15 ವರ್ಷಕ್ಕೆ ಮುಗಿದು ಅವು ಅಧಿಕೃತ ಗುಜರಿ ಕೇಂದ್ರಕ್ಕೆ ಹೋಗಬೇಕು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಯ ಕೆಲಸಕ್ಕಿರುವ ಕವಚಸಜ್ಜಿತ ಮತ್ತಿತರ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಹೊಗೆ ಕಡಿಮೆಯಾಗಲಿ ಎಂಬ ಆ ನಿಯಮದ ಉದ್ದೇಶ ಒಳ್ಳೆಯದೇ. ಆದರೆ 15ಕ್ಕೆ ಗುಜರಿ ಸೇರಿದ ಜೀಪಿಗೆ 50 ತುಂಬುವುದು ಹೇಗೆ? ಠಾಣೆಯ ಅಂಬಾಸಿಡರ್, ಜೀಪು, ಬೆಂಗಳೂರಿನವರು ದಿನವೂ ನೋಡುವ ‘ಹೊಯ್ಸಳ’ ಗಸ್ತು ವಾಹನ, ಇವುಗಳಲ್ಲಿ ಬೇಕೆಂದೇ ಉಳಿಸಿಕೊಂಡವನ್ನು ಬಿಟ್ಟು ಬೇರೆ ಯಾವುದೂ ನಮ್ಮ ಮೊಮ್ಮಕ್ಕಳಿಗೆ ನೋಡಲು ಸಿಗದು.

ಇದನ್ನು ಸರಿಪಡಿಸಲು ಹೊಸ ಕಾನೂನಿನ ಕಟ್ಟು ಬೇಕಿಲ್ಲ. ಪ್ರತಿ ರಾಜ್ಯದ ಪೊಲೀಸ್ ಇಲಾಖೆ ಒಂದೊಂದು ಮಾದರಿಯ ಒಂದೆರಡು ವಾಹನಗಳನ್ನು ಬಣ್ಣ, ದೀಪ, ಲಾಗ್ ಬುಕ್ ಸಮೇತ ತನ್ನ ವಸ್ತುಸಂಗ್ರಹಾಲಯಕ್ಕೆಂದು ತೆಗೆದಿಡಲಿ, ಓಡಿಸುವ ಅಗತ್ಯವಿಲ್ಲ. ಅವಧಿಗೆ ಮುನ್ನ ಹರಾಜಾಗುವ ಉಳಿದ ಗಾಡಿಗಳ ಚಾಲ್ತಿ ಗುರುತುಗಳನ್ನು ಇಲಾಖೆಯೇ ನಿಂತು ನಾಶ ಮಾಡಲಿ. ಜೊತೆಗೆ ಈ ವಾಹನ ಯಾವ ಠಾಣೆಯಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ ಮಾಡಿತು ಎಂಬ ಒಂದು ಪ್ರಮಾಣಪತ್ರವನ್ನು ಕೊಂಡವರಿಗೆ ಕೊಡಲಿ. ಆ ವಿನ್ಯಾಸ ಸಂಪೂರ್ಣ ಬಳಕೆ ತಪ್ಪಿದ ಮೇಲೆ, ಪತ್ರ ತೋರಿಸಿ ಅನುಮತಿ ಪಡೆದ ಮಾಲೀಕರು ಪ್ರದರ್ಶನಕ್ಕಾಗಿ ಹಳೆಯ ಬಣ್ಣವನ್ನು ಮತ್ತೆ ಬಳಿಯಲು ಅವಕಾಶವಿರಲಿ. ಪೊಲೀಸರ ಬಣ್ಣಕ್ಕೆ ಇರುವ ಗೌರವ ಜನರ ನಂಬಿಕೆಯಿಂದ ಬಂದದ್ದು. ಆ ನಂಬಿಕೆ ಜೀವಂತವಾಗಿರುವಷ್ಟು ದಿನ ಅದಕ್ಕೆ ಬೆಲೆ ಕಟ್ಟುವ ಹಕ್ಕು ಯಾವ ಹರಾಜುದಾರರಿಗೂ ಇಲ್ಲ. ಚರಿತ್ರೆಯಾದ ಮೇಲೆ ಅದನ್ನು ಅಳಿಸುವ ಹಕ್ಕು ಸರ್ಕಾರಕ್ಕೂ ಇಲ್ಲ.